ರಾಕೆಟ್ ಅಕ್ಕನ ವ್ಯಾನಿನ ಕೆಳಗೆ ಕಂಡದ್ದು

ಅವಳಿಗೆ ರಾಕೆಟ್ ಅಕ್ಕ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಒಂದು ದೊಡ್ಡ ನಮಸ್ಕಾರ. ಯಾಕೆಂದರೆ ಇಡೀ ಊರಿನಲ್ಲಿ ಅವಳಷ್ಟು ನಿಧಾನವಾಗಿ ವ್ಯಾನ್ ಓಡಿಸುವವರು ಇನ್ನೊಬ್ಬರಿಲ್ಲ. ಸೈಕಲ್ಲಿನವರು ಬೆಲ್ ಹೊಡೆದು ಅವಳನ್ನು ದಾಟಿ ಹೋಗುತ್ತಾರೆ. ಒಮ್ಮೆ ಒಂದು ಬೀದಿನಾಯಿ ಅವಳ ವ್ಯಾನನ್ನು ಅಟ್ಟಿಸಿಕೊಂಡು ಬಂದು, ತಾನೇ ಮುಂದೆ ಹೋಗಿಬಿಟ್ಟು, ತಿರುಗಿ ನೋಡಿ, ಕೂತು ಕಾದು, ಕೊನೆಗೆ ಬೇಜಾರಾಗಿ ಎದ್ದು ಹೋಯಿತಂತೆ.

ಈ ನಿಧಾನಕ್ಕೆ ಕಾರಣ ಭಯವಲ್ಲ. ಅವಳ ವ್ಯಾನ್ ಹತ್ತುವವರೆಲ್ಲ ಮೂಳೆಯ ತೊಂದರೆಯವರು. ಸೊಂಟ ಮುರಿದುಕೊಂಡವರು, ಮಂಡಿ ಬದಲಾಯಿಸಿಕೊಂಡವರು, ಬೆನ್ನಿಗೆ ಪಟ್ಟಿ ಬಿಗಿದುಕೊಂಡವರು. ಬೆಳಿಗ್ಗೆ ಅವರನ್ನೆಲ್ಲ ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಫಿಸಿಯೋಥೆರಪಿ ಸೆಂಟರಿಗೆ ಬಿಟ್ಟು, ಮಧ್ಯಾಹ್ನ ವಾಪಸು ತಲುಪಿಸುವುದು ರಾಕೆಟ್ ಅಕ್ಕನ ಕೆಲಸ. ಯಾರು ಯಾವ ಕಾಲನ್ನು ಮೊದಲು ಒಳಗಿಡಬೇಕು, ಯಾರ ಕೈ ಹಿಡಿಯಬೇಕು, ಯಾರ ಕೈ ಹಿಡಿದರೆ ಸಿಟ್ಟು ಬರುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಹತ್ತುವವರಿಗೆ ಅಂತ ಒಂದು ಮರದ ಮೆಟ್ಟಿಲು ಇಟ್ಟುಕೊಂಡಿದ್ದಳು. ಇಳಿದು ಬಂದು ಅದನ್ನು ತಾನೇ ಹಾಕುತ್ತಿದ್ದಳು, ತಾನೇ ಎತ್ತಿಡುತ್ತಿದ್ದಳು.

ವ್ಯಾನನ್ನು ಕೊಟ್ಟವನು ಅವಳ ಅಣ್ಣ. ಗೇಟು, ಕಿಟಕಿ ಸರಳು ಬೆಸೆಯುವ ವೆಲ್ಡರ್. ಗಂಡ ತೀರಿಕೊಂಡ ಮೇಲೆ ರಾಕೆಟ್ ಅಕ್ಕ ಮೂಲೆ ಹಿಡಿದು ಕೂತಿದ್ದಳು. ಆಗ ಒಂದು ದಿನ ಬೆಳಿಗ್ಗೆ ಮನೆಯ ಮುಂದೆ ಹಾರ್ನ್ ಸದ್ದಾಯಿತು. ಹೊರಗೆ ಬಂದರೆ ಆಕಾಶನೀಲಿ ಬಣ್ಣದ ವ್ಯಾನ್, ಒಳಗೆ ಹಲ್ಲು ಕಿರಿಯುತ್ತಾ ಅಣ್ಣ.

"ತಗೋ ಕೀ. ಇನ್ಮೇಲೆ ಯಾರ ಮುಂದೂ ಕೈ ಒಡ್ಡಬೇಡ."

"ಎಲ್ಲಿಂದ ತಂದೆ ಅಣ್ಣ?"

"ಎಲ್ಲಿಂದಾದ್ರೂ ತಂದೆ. ಕಾಗದ ಸರಿ ಇದೆ, ಬಣ್ಣ ಹೊಸದು, ಹಾರ್ನ್ ಹೊಡಿಯುತ್ತೆ. ಇನ್ನೇನು ಬೇಕು ನಿಂಗೆ?"

ಅವತ್ತು ಅವಳು ಅತ್ತದ್ದು ನೋಡಿ ಅಕ್ಕಪಕ್ಕದ ಮನೆಯವರೂ ಅತ್ತರು. ಅಣ್ಣ ಅಂದರೆ ಹೀಗಿರಬೇಕು ಅಂತ ತಮ್ಮ ತಮ್ಮ ಅಣ್ಣಂದಿರಿಗೆ ಹೇಳಿ ಬೈಸಿಕೊಂಡರು ಕೂಡ. ಅದೂ ಅಲ್ಲದೆ ಅಣ್ಣ ವ್ಯಾನ್ ಕೊಟ್ಟು ಸುಮ್ಮನಾದವನಲ್ಲ. ರಜಾದಿನ ಬಂತೆಂದರೆ ತಂಗಿಯ ಮನೆಗೆ ಬರುತ್ತಿದ್ದ. ಕಾಫಿ ಕುಡಿದು, ಗೋಣಿಚೀಲ ಹಾಸಿ ವ್ಯಾನಿನ ಕೆಳಗೆ ತೂರಿಕೊಂಡು ಅದೂ ಇದೂ ನೋಡಿ, ಮತ್ತೊಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ. ವರ್ಷಾವರ್ಷ ತಪಾಸಣೆಗೂ ಅವನೇ ತೆಗೆದುಕೊಂಡು ಹೋಗುತ್ತಿದ್ದ. ಏನಾದರೂ ಸಾಮಾನು ಬೇಕಾದರೆ ಗುಜರಿಯಿಂದ ತಂದು ತನ್ನ ಶೆಡ್ಡಿನಲ್ಲೇ ಹಾಕಿ ಕೊಡುತ್ತಿದ್ದ. ಆ ವ್ಯಾನಿನ ಕೆಳಗೆ ಬೇರೆ ಯಾರೂ ಇಣುಕಿದ್ದೇ ಇಲ್ಲ.

ವ್ಯಾನಿಗೆ ಇದ್ದದ್ದು ಒಂದೇ ಚಾಳಿ. ಎಡಕ್ಕೆ ವಾಲುತ್ತಿತ್ತು. ಹಿಂದಿನ ಚಕ್ರಗಳ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಕಟ್ಟಿರುತ್ತಾರಲ್ಲ, ಭಾರ ಹೊರುವುದು, ಕುಲುಕಾಟ ನುಂಗುವುದು ಎಲ್ಲ ಅವೇ. ಎಡಗಡೆಯ ಪಟ್ಟಿ ಸುಸ್ತಾಗಿದೆ ಅಂತ ಅಣ್ಣ ಒಂದು ಪಟ್ಟಿ ಜಾಸ್ತಿ ಸೇರಿಸುತ್ತಿದ್ದ. ವ್ಯಾನ್ ನೆಟ್ಟಗಾಗುತ್ತಿತ್ತು. ಸ್ವಲ್ಪ ಕಾಲ ಕಳೆದರೆ ಮತ್ತೆ ವಾಲುತ್ತಿತ್ತು. ಮತ್ತೊಂದು ಪಟ್ಟಿ. ಪಟ್ಟಿ ಹೆಚ್ಚಾದ ಹಾಗೆ ವ್ಯಾನ್ ಗಟ್ಟಿಯಾಯಿತು, ವ್ಯಾನ್ ಗಟ್ಟಿಯಾದ ಹಾಗೆ ಒಳಗೆ ಕೂತವರ ಮೂಳೆ ಮೆತ್ತಗಾಯಿತು.

"ಹೋಗೋವಾಗ ಮಂಡಿನೋವು ಮಾತ್ರ ಇರುತ್ತೆ ಕಣೇ. ಬರೋವಾಗ ಕತ್ತುನೋವು ಫ್ರೀ," ಅನ್ನುತ್ತಿದ್ದಳು ದರ್ಜಿ ಅಮ್ಮ. ನಲವತ್ತು ವರ್ಷ ಹೊಲಿಗೆ ಮಷೀನು ತುಳಿದು ಎರಡೂ ಮಂಡಿ ಕಳೆದುಕೊಂಡ ಹೆಂಗಸು ಅವಳು.

ಕೊನೆಗೆ ಒಂದು ಬೆಳಿಗ್ಗೆ ಅದು ಆಗಿಯೇ ಹೋಯಿತು. ಆಸ್ಪತ್ರೆ ರಸ್ತೆಯ ರೋಡ್ ಹಂಪ್ ಮೇಲೆ ರಾಕೆಟ್ ಅಕ್ಕ ಎಂದಿನ ಹಾಗೆ ಆಮೆಯ ಹಾಗೆ ಏರಿ ಇಳಿಸಿದಳು. ಆದರೂ ಹಿಂದಿನಿಂದ ಧಡ್ ಅಂತ ಒಂದು ಸದ್ದು. ಹಿಂದೆಯೇ ಟಕ್ ಅಂತ ಇನ್ನೊಂದು ಸಣ್ಣ ಸದ್ದು. ತಿರುಗಿ ನೋಡಿದರೆ ಡ್ರಿಲ್ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಾರೆ. ಶಾಲೆಯಲ್ಲಿ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ ಕಟ್ಟುಮಸ್ತಾದ ಮನುಷ್ಯ, ಈಗ ಸೊಂಟಕ್ಕೆ ಸ್ಕ್ರೂ ಹಾಕಿಸಿಕೊಂಡವರು. ಅವರ ಹಲ್ಲಿನ ಸೆಟ್ಟು ದರ್ಜಿ ಅಮ್ಮನ ಮಡಿಲಲ್ಲಿ ಬಿದ್ದು ನಗುತ್ತಿತ್ತು.

"ಮೇಷ್ಟ್ರೇ, ನಿಮ್ದು ಅಂತ ಕಾಣುತ್ತೆ," ಅಂದಳು ದರ್ಜಿ ಅಮ್ಮ, ಕಣ್ಣು ಮುಚ್ಚಿಕೊಂಡೇ.

ಎಲ್ಲರೂ ನಕ್ಕರು. ಸೆಂಟರಿನ ಮೇಡಂ ಮಾತ್ರ ನಗಲಿಲ್ಲ. "ಇವರಿಗೆ ನಾನು ವಾರವಿಡೀ ಮಾಡಿದ್ದನ್ನ ನಿಮ್ಮ ವ್ಯಾನ್ ಒಂದೇ ಸಲಕ್ಕೆ ಕೆಡಿಸುತ್ತೆ. ಸೋಮವಾರದೊಳಗೆ ಸರಿ ಮಾಡಿಸಿ. ಇಲ್ಲಾಂದ್ರೆ ಬೇರೆ ವ್ಯಾನ್ ನೋಡ್ಕೋತೀವಿ."

ಅಣ್ಣ ಪಕ್ಕದ ಊರಿನಲ್ಲಿ ಒಂದು ಗೋಡೌನಿನ ಸೂರು ಬೆಸೆಯುವ ಕೆಲಸಕ್ಕೆ ಹೋಗಿದ್ದ. ಫೋನ್ ಮಾಡಿದರೆ ಅವಳು ಕೇಳಿದ್ದು ಒಂದು, ಅವನು ಹೇಳಿದ್ದು ಒಂದು.

"ಯಾರ ಕೈಗೂ ವ್ಯಾನ್ ಕೊಡಬೇಡ. ನಾನು ಬರೋವರೆಗೂ ಹಾಗೇ ಇರ್ಲಿ."

"ಅಣ್ಣ, ಸೋಮವಾರ ಅಂದಿದ್ದಾರೆ."

"ಅಂದ್ರೆ ಅನ್ಲಿ! ಮುಟ್ಟಬೇಡ ಅಂದ್ರೆ ಮುಟ್ಟಬೇಡ."

ಅಣ್ಣ ಇಷ್ಟು ಗಡುಸಾಗಿ ಮಾತಾಡಿದ್ದೇ ಇಲ್ಲ. ಸೂರಿನ ಮೇಲೆ ನಿಂತಿದ್ದಾನೆ, ಬಿಸಿಲಿಗೆ ತಲೆ ಕೆಟ್ಟಿದೆ ಅಂದುಕೊಂಡಳು ಅವಳು. ವ್ಯಾನ್ ಹೋದರೆ ಅವಳಿಗೆ ಹೊಟ್ಟೆಪಾಡೇ ಹೋದ ಹಾಗೆ. ಮಾರನೇ ದಿನ ಶನಿವಾರ, ಸೆಂಟರಿಗೆ ರಜೆ. ಬೆಳಿಗ್ಗೆಯೇ ವ್ಯಾನ್ ತೆಗೆದುಕೊಂಡು ತಾನೇ ಗುಜರಿಗೆ ಹೊರಟಳು.

ಗುಜರಿ ಅಂದರೆ ಅದೊಂದು ಬೇರೆಯೇ ಲೋಕ. ಬಾಗಿಲುಗಳ ಒಂದು ಗುಡ್ಡ, ಬಂಪರುಗಳ ಒಂದು ಗುಡ್ಡ, ಛಾವಣಿಯಿಲ್ಲದ ಬಸ್ಸಿನೊಳಗೆ ಪಾರಿವಾಳಗಳ ಸಂಸಾರ. ನಡುವೆ ಮಣ್ಣಿನ ಮೇಲೆ ಒಂದು ಡ್ರೈವರ್ ಸೀಟು. ಸುತ್ತ ಗಾಡಿಯೇ ಇಲ್ಲ, ಬರೀ ಸೀಟು. ಅದರ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತವನೇ ಜಾಗದ ಯಜಮಾನ ಜಾಕಿ ಮಾವ. ವಯಸ್ಸಿನಲ್ಲಿದ್ದಾಗ ಒಂದು ಕಾರಿನ ಮೂತಿಯನ್ನು ಒಂದೇ ಕೈಲಿ ಎತ್ತಿದ್ದನಂತೆ, ಹಾಗಂತ ಅವನೇ ಹೇಳುತ್ತಾನೆ.

"ಬಾರಮ್ಮ ರಾಕೆಟ್ಟು! ನಿಮ್ಮಣ್ಣ ಎಲ್ಲಿ? ನಿನ್ನ ವ್ಯಾನಿನ ಸಾಮಾನು ಅಂದ್ರೆ ಅವನೇ ಬರೋನು. ವ್ಯಾನ್ ತರೋ ಮಾರಾಯ ಅಂದ್ರೆ ತರೋನಲ್ಲ. ಗಂಡು ಹುಡುಕೋಕೆ ಬಂದು ಹೆಣ್ಣಿನ ಫೋಟೋ ತೋರಿಸಲ್ಲ ಅನ್ನೋ ಜಾತಿ ಅವನು."

"ಅಣ್ಣ ಊರಲ್ಲಿಲ್ಲ ಮಾವ. ಹಿಂದಿನ ಪಟ್ಟಿ ಎರಡೂ ಕಡೆದು ಬೇಕು. ಹಳೇದಾದ್ರೂ ಒಳ್ಳೇದು ಕೊಡಿ. ಅಜ್ಜ ಅಜ್ಜಿಯರು ಕೂರೋ ಗಾಡಿ."

ವ್ಯಾನಿನ ಕಾಗದ ನೋಡಿ, ಯಾವ ಮಾಡೆಲ್ಲು ಅಂತ ತಿಳಿದುಕೊಂಡು, ಜಾಕಿ ಮಾವ ಪಟ್ಟಿಗಳ ಗುಡ್ಡ ಹತ್ತಿದ. ಹಳೆಯ ಪಟ್ಟಿ ಕೊಳ್ಳುವುದೂ ಒಂದು ವಿದ್ಯೆ ಅಂತ ರಾಕೆಟ್ ಅಕ್ಕನಿಗೆ ಗೊತ್ತಾದದ್ದು ಅವತ್ತೇ.

"ಎಡಕ್ಕೆ ಒಂದು ಗಾಡಿದು, ಬಲಕ್ಕೆ ಇನ್ನೊಂದು ಗಾಡಿದು ತಗೋಬಾರದು. ಒಂದೇ ಗಾಡಿಯಿಂದ ಇಳಿದ ಜೋಡಿನೇ ಆಗ್ಬೇಕು. ಒಟ್ಟಿಗೆ ದುಡಿದವು ಒಟ್ಟಿಗೇ ಸವೆದಿರ್ತಾವೆ, ಗಂಡ ಹೆಂಡ್ತಿ ಥರ." ತಂತಿಯಲ್ಲಿ ಕಟ್ಟಿದ ಒಂದು ಜೋಡಿ ಎಳೆದು ಕೆಳಗೆ ಹಾಕಿ ಸ್ಪ್ಯಾನರಿನಿಂದ ಕುಟ್ಟಿದ. ಠಣ್ ಅಂತು. ಇನ್ನೊಂದು ಜೋಡಿ ಕುಟ್ಟಿದ. ಠಪ್ ಅಂತು. "ಕೇಳಿದ್ಯಾ? ಇದು ಒಳಗೆ ಬಿರುಕು ಬಿಟ್ಟಿದೆ. ಒಳಗೆ ಬಿರುಕು ಬಿಟ್ಟಿದ್ದು ಹಾಡಲ್ಲ, ಕೆಮ್ಮುತ್ತೆ."

ಅವಳೂ ಸ್ಪ್ಯಾನರ್ ತೆಗೆದುಕೊಂಡು ಕುಟ್ಟಿದಳು. ಕುಟ್ಟಿ ಕುಟ್ಟಿ, ಕಿವಿಯಿಟ್ಟು ಕೇಳಿ, ಬಿಲ್ಲು ಎರಡರದೂ ಸಮ ಇದೆಯಾ ಅಂತ ಗೋಡೆಗೆ ಆನಿಸಿ ನೋಡಿ, ತುದಿ ಸವೆದಿದೆಯಾ ಅಂತ ಬೆರಳಿನಿಂದ ತಡವಿ ಒಂದು ಜೋಡಿ ಆರಿಸಿದಳು.

"ಭೇಷ್!" ಅಂದ ಜಾಕಿ ಮಾವ. "ಇಲ್ಲೇ ಹಾಕಿ ಕೊಡ್ತೀನಿ, ಕೂತ್ಕೋ ಸಿಂಹಾಸನದ ಮೇಲೆ."

ಅವಳು ಆ ಗಾಡಿಯಿಲ್ಲದ ಸೀಟಿನ ಮೇಲೆ ಕೂತಳು. ಮಾವ ಜಾಕಿ ಕೊಟ್ಟು ವ್ಯಾನಿನ ಹಿಂಭಾಗ ಎತ್ತಿ, ಮರದ ದಿಮ್ಮಿ ಆನಿಸಿ, ಎಡಗಡೆಯ ಹಳೆಯ ಪಟ್ಟಿ ಬಿಚ್ಚಿದ. ಬಿಚ್ಚಿದವನು ಅದನ್ನು ಎತ್ತಲಾರದೆ ನಕ್ಕುಬಿಟ್ಟ.

"ಇದೇನಮ್ಮಾ, ಪಟ್ಟಿನೋ ಪುಸ್ತಕನೋ? ಇಷ್ಟೊಂದು ಹಾಳೆ!"

ಆಮೇಲೆ ಹೊಸದಾಗಿ ಆರಿಸಿದ್ದನ್ನು ಹಿಡಿದು ನೋಡಿದ. ಮುಂದಿನ ತುದಿ ಕೂತಿತು. ಹಿಂದಿನ ತುದಿ ಅದರ ಕೊಂಡಿಗೆ ಎಟುಕಲೇ ಇಲ್ಲ. ನಾಲ್ಕು ಬೆರಳಷ್ಟು ಗಿಡ್ಡ.

ಅವನ ನಗು ಅಲ್ಲಿಗೆ ನಿಂತಿತು. ಮತ್ತೆ ಹಿಡಿದ. ಮತ್ತೆ ಗಿಡ್ಡ. ಹಳೆಯದನ್ನೂ ಹೊಸದನ್ನೂ ಮಣ್ಣಿನ ಮೇಲೆ ಪಕ್ಕ ಪಕ್ಕ ಮಲಗಿಸಿದ. ಕಾಗದ ಇನ್ನೊಮ್ಮೆ ಓದಿದ.

"ಇಷ್ಟು ವರ್ಷದಲ್ಲಿ ನನ್ನ ಕಣ್ಣು ತಪ್ಪಿಲ್ಲ. ಈ ಕಾಗದದ ವ್ಯಾನಿಗೆ ಇದೇ ಪಟ್ಟಿ. ನಿನ್ನ ಹಳೇದು ಈ ವ್ಯಾನಿಂದೇ ಅಲ್ಲ, ಉದ್ದ ಮೈಯಿನ ಹಳೇ ಮಾಡೆಲ್ಲಿಂದು."

"ಅದು ಹೇಗೆ ಮಾವ? ಈಗ ತಾನೇ ನನ್ನ ವ್ಯಾನಿಂದ ಬಿಚ್ಚಿದ್ರಲ್ಲ!"

"ಅದೇ ನಂಗೂ ತಲೆ ಕೆಡ್ತಿರೋದು. ಮುಂದೆ ಒಂದು ವ್ಯಾನು, ಹಿಂದೆ ಇನ್ನೊಂದು ವ್ಯಾನು ಇಟ್ಕೊಂಡಿದ್ದೀಯೇನಮ್ಮ?" ಅಂತ ತಮಾಷೆ ಮಾಡುತ್ತಲೇ ಬ್ಯಾಟರಿ ಹಿಡಿದು ಕೆಳಗೆ ತೂರಿದ.

ಕೆಳಗಿನಿಂದ ಸ್ವಲ್ಪ ಹೊತ್ತು ಹಾಡಿನ ಗುನುಗು ಕೇಳಿಸುತ್ತಿತ್ತು. ಆಮೇಲೆ ಕಬ್ಬಿಣ ಕೆರೆಯುವ ಸದ್ದು. ಆಮೇಲೆ ಏನೂ ಇಲ್ಲ.

"ಮಾವ? ಏನಾಯ್ತು?"

"ತಾಯಿ," ಅಂದಿತು ಕೆಳಗಿನ ಧ್ವನಿ. "ಗೋಣಿ ಹಾಸ್ಕೊಂಡು ಒಳಗೆ ಬಾ. ನಾನು ಹೇಳಿದ್ರೆ ನೀನು ನಂಬಲ್ಲ."

ಇಷ್ಟು ಕಾಲ ಓಡಿಸಿದ ವ್ಯಾನಿನ ಹೊಟ್ಟೆಯನ್ನು ರಾಕೆಟ್ ಅಕ್ಕ ನೋಡಿದ್ದು ಅದೇ ಮೊದಲು. ಎರಡು ಉದ್ದದ ಕಬ್ಬಿಣದ ತೊಲೆಗಳು ಮುಂದಿನಿಂದ ಹಿಂದಿನವರೆಗೆ ಹಾದುಹೋಗಿದ್ದವು. ಗಾಡಿಯ ಬೆನ್ನುಮೂಳೆ ಅಂದರೆ ಅವೇ. ಜಾಕಿ ಮಾವ ಕಪ್ಪು ಬಣ್ಣ ಕೆರೆದ ಜಾಗಕ್ಕೆ ಬೆಳಕು ಬಿಟ್ಟ. ಅಲ್ಲಿ ತೊಲೆ ಮುಗಿಯುತ್ತಿತ್ತು. ಅಲ್ಲಿಂದಲೇ ಇನ್ನೊಂದು ತೊಲೆ ಶುರುವಾಗುತ್ತಿತ್ತು. ನಡುವೆ ಒಂದು ತಗಡು, ತಗಡಿನ ಸುತ್ತ ಬೆಸುಗೆ. ಎಡದಲ್ಲೂ ಹಾಗೆಯೇ, ಬಲದಲ್ಲೂ ಹಾಗೆಯೇ.

"ತಮಾಷೆಗೆ ಅಂದೆ ಕಣಮ್ಮ," ಅಂದ ಮಾವ. "ನಿಜವಾಗ್ಲೂ ಎರಡು ವ್ಯಾನು ಇದು. ಒಂದರ ತಲೆ, ಇನ್ನೊಂದರ ಬಾಲ."

ಅವಳ ಕಣ್ಣು ನೋಡುತ್ತಿದ್ದದ್ದು ತೊಲೆಯನ್ನಲ್ಲ, ಬೆಸುಗೆಯನ್ನು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸಮವಾಗಿ ಕೂತ ಅಲೆಗಳು, ಸಾಲು ಮುಗಿಯುವಲ್ಲಿ ಸಣ್ಣದಾಗಿ ಬಲಕ್ಕೆ ತಿರುಗಿದ ಒಂದು ಕೊಕ್ಕೆ. ಮನೆಯ ಪಾತ್ರೆ ಸ್ಟ್ಯಾಂಡಿನಲ್ಲಿ, ಕಿಟಕಿ ಸರಳಿನಲ್ಲಿ, ಬಚ್ಚಲಮನೆಯ ಬಾಗಿಲಿನಲ್ಲಿ ದಿನಾ ಕಾಣುವ ಕೊಕ್ಕೆ ಅದು. ಕೆಲವರ ಅಕ್ಷರ ನೋಡಿದರೆ ಯಾರದು ಅಂತ ಗೊತ್ತಾಗುವುದಿಲ್ಲವೇ, ಹಾಗೆ.

"ನಮ್ಮಣ್ಣ," ಅಂದಳು. ಅಷ್ಟೇ.

ಜಾಕಿ ಮಾವ ಬೆಳಕನ್ನು ಒಂದು ಗೇಣು ಆಚೆ ಸರಿಸಿದ. "ಬೆಸುಗೆಗೆ ಏನೂ ಆಗಿಲ್ಲ. ಇಲ್ಲಿ ನೋಡು."

ಎಡ ತೊಲೆಯಲ್ಲಿ, ಬೆಸುಗೆಯ ಪಕ್ಕದಲ್ಲೇ, ಕೆಂಪು ತುಕ್ಕಿನ ಗೆರೆಯೊಂದು ಕೆಳಗಿನಿಂದ ಮೇಲಕ್ಕೆ ಹತ್ತಿತ್ತು. ಕೆಳಗೆ ಅದು ಬಾಯಿ ಬಿಟ್ಟಿತ್ತು. ಮಾವ ತನ್ನ ಕಿರುಬೆರಳಿನ ತುದಿಯನ್ನು ಅದರೊಳಗೆ ಇಟ್ಟು ತೋರಿಸಿದ. ಮುಕ್ಕಾಲು ತೊಲೆ ಆಗಲೇ ಸೀಳಿತ್ತು.

"ವಾಲ್ತಿದ್ದಿದ್ದು ಪಟ್ಟಿ ಸುಸ್ತಾಗಿ ಅಲ್ಲ ತಾಯಿ. ಮೂಳೆ ಮುರಿದು. ನಿಮ್ಮಣ್ಣ ಒಂದೊಂದು ಪಟ್ಟಿ ಸೇರಿಸಿದಾಗ್ಲೂ ಕುಲುಕಾಟ ಎಲ್ಲ ಈ ಬಿರುಕಿಗೇ ಗುದ್ದಿದೆ. ಇನ್ನೊಂದು ಒಳ್ಳೇ ಹಂಪ್ ಸಿಕ್ಕಿದ್ರೆ, ಸ್ಟಿಯರಿಂಗ್ ಹಿಡ್ಕೊಂಡು ನೀನು ಮುಂದೆ ಹೋಗ್ತಿದ್ದೆ. ಹಿಂದೆ ಕೂತವರು ಹಿಂದೇನೇ ಇರ್ತಿದ್ರು."

ಹೊರಗೆ ಬಂದವಳು ಸೀಟಿನ ಮೇಲೆ ಕೂತಳು. ಎದುರಿಗೆ ಗಾಡಿಯೇ ಇಲ್ಲದಿದ್ದರೂ ಬಲಗಾಲು ಬ್ರೇಕ್ ಒತ್ತುವ ಹಾಗೆ ನೆಲವನ್ನು ಒತ್ತಿ ಹಿಡಿದಿತ್ತು. ಎತ್ತಲು ನೋಡಿದಳು, ಆಗಲಿಲ್ಲ. ಮೇಷ್ಟ್ರು, ದರ್ಜಿ ಅಮ್ಮ, ವ್ಯಾನ್ ಹತ್ತಿದೊಡನೆ ಮಗುವಿನ ಹಾಗೆ ನಿದ್ದೆ ಹೋಗುವ ಬೆನ್ನುಪಟ್ಟಿಯ ಅಜ್ಜ, ಎಲ್ಲರನ್ನೂ ಕೈ ಹಿಡಿದು ತಾನೇ ಹತ್ತಿಸಿದ್ದಳು. ಹುಷಾರು, ಹುಷಾರು ಅನ್ನುತ್ತಾ.

ಮೊದಲು ಮೇಷ್ಟ್ರಿಗೇ ಫೋನ್ ಮಾಡಿದಳು. ಪಟ್ಟಿ ಸಿಗಲಿಲ್ಲ ಅಂತ ಸುಳ್ಳು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೆ ಆ ಸುಳ್ಳು ಬಂದೂ ಬಂತು. ಆದರೆ ಬಾಯಿಂದ ಹೊರಬಿದ್ದದ್ದು ನಿಜ.

ಕವಾಯತು ಮಾಡಿಸಿ ಮಾಡಿಸಿ ಗುಡುಗಿನ ಹಾಗಾಗಿದ್ದ ಮೇಷ್ಟ್ರ ಗಂಟಲು ಪಿಸುಗುಟ್ಟಿದ ಹಾಗೆ ಕೇಳಿತು: "ಅಮ್ಮಾ... ನಾನು ಎಡಗಡೆ ಕೂರ್ತಿದ್ದೆ, ಅಲ್ವಾ?"

"ಹೌದು ಮೇಷ್ಟ್ರೇ."

"ಹ್ಞೂಂ," ಅಂದರು. ಫೋನ್ ಇಟ್ಟರು.

ಹೆಂಡತಿಯಿಂದ ಸುದ್ದಿ ತಿಳಿದು ಮಾರನೇ ದಿನ ಬಸ್ಸಿಳಿದು ಅಣ್ಣ ನೇರ ಗುಜರಿಗೇ ಬಂದ, ಹೆಗಲಲ್ಲಿ ಉಪಕರಣದ ಚೀಲ. ಹಿಂದೆಯೇ ಏದುಸಿರು ಬಿಡುತ್ತಾ ಅತ್ತಿಗೆ. ಹಿಂದಿನ ದಿನ ರಾಕೆಟ್ ಅಕ್ಕ ನಿಮಗೆ ಗೊತ್ತಿತ್ತಾ ಅಂತ ಫೋನಿನಲ್ಲಿ ಕೇಳಿದಾಗ ಅತ್ತಿಗೆ ಅಯ್ಯೋ ಅಂದದ್ದು ಬಿಟ್ಟರೆ ಮುಂದೆ ಮಾತಾಡಿರಲಿಲ್ಲ. ಪಾಪ, ಅವಳಿಗೂ ಅದು ಹೊಸ ಸುದ್ದಿಯೇ.

ಅಣ್ಣ ಬಂದವನೇ ಕೇಳಿದ ಮೊದಲ ಮಾತು: "ಬೆಸುಗೆ ಬಿಟ್ಟಿದೆಯಾ?"

ರಾಕೆಟ್ ಅಕ್ಕ ಅವನ ಮುಖವನ್ನೇ ನೋಡಿದಳು. ತಲೆ ತಗ್ಗಿಸುತ್ತಾನೆ, ನಾಲಿಗೆ ಕಚ್ಚಿಕೊಳ್ಳುತ್ತಾನೆ ಅಂದುಕೊಂಡಿದ್ದಳು. ಇಲ್ಲ!

"ಹಾಗಾದ್ರೆ ನೀನೇ ಮಾಡಿದ್ದು."

"ನಾನಲ್ದೆ ಇನ್ಯಾರು? ಒಂದರ ಹಿಂದುಗಡೆ ಲಾರಿ ಗುದ್ದಿ ಅಪ್ಪಚ್ಚಿ, ಮುಂದೆ ಗೀರೂ ಬಿದ್ದಿರ್ಲಿಲ್ಲ. ಇನ್ನೊಂದರ ಇಂಜಿನ್ ಸುಟ್ಟು ಬೂದಿ, ಹಿಂದೆ ಬಂಗಾರದ ಹಾಗಿತ್ತು. ಎರಡು ಸತ್ತ ಗಾಡಿಯಿಂದ ಒಂದು ಬದುಕಿರೋ ಗಾಡಿ ಮಾಡ್ದೆ. ನಿಂಗೋಸ್ಕರ ರಜಾ ಹಾಕಿ ಮಾಡ್ದೆ. ಇಷ್ಟು ವರ್ಷ ಓಡ್ತಲ್ಲ!"

"ಅಣ್ಣ, ನಾನು ಅದ್ರಲ್ಲಿ ಜನಾನ ಕೂರಿಸ್ತಿದ್ದೆ."

"ಗೊತ್ತು ಕಣೇ. ಅದಕ್ಕೇ ತಾನೇ ವಾರ ವಾರ ಬಂದು ಕೆಳಗೆ ತೂರಿ ನೋಡ್ತಿದ್ದಿದ್ದು."

"ನೀನು ನನ್ನ ನೋಡೋಕೆ ಬರ್ತೀಯ ಅಂದ್ಕೊಂಡಿದ್ದೆ."

"ನಿನ್ನೂ ನೋಡ್ತಿದ್ನಲ್ಲ," ಅಂದ ಅಣ್ಣ. ಅದು ಅವನಿಗೇ ಸರಿ ಕೇಳಿಸಲಿಲ್ಲ ಅಂತ ಕಾಣುತ್ತದೆ, ಚೀಲ ಇಳಿಸಿ ವ್ಯಾನಿನ ಕೆಳಗೆ ಹೋಗಿಬಿಟ್ಟ.

ಹೊರಗೆ ಬಂದಾಗ ಅವನ ಮುಖ ಸ್ವಲ್ಪ ಬಿಳಿಚಿತ್ತು. "ಬೆಸುಗೆ ಕಲ್ಲಿನ ಹಾಗಿದೆ. ಪಕ್ಕದ ಕಬ್ಬಿಣ ಬಿಟ್ಟಿದೆ. ಮಣ್ಣು ಮೆತ್ಕೊಂಡಿತ್ತು, ಕಾಣ್ಲಿಲ್ಲ ನಂಗೆ. ಒಂದು ದಪ್ಪ ತಗಡು ಹೊಡೆದ್ರೆ ಮುಗೀತು. ಸೋಮವಾರ ಆರಾಮಾಗಿ ಓಡಿಸು."

"ಮಾರಾಯ, ಕೊಳೆತ ಹಲ್ಲಿಗೆ ಟೋಪಿ ಹಾಕ್ತೀಯೇನೋ?" ಅಂದ ಜಾಕಿ ಮಾವ.

"ನಿನ್ನ ಕೆಲ್ಸ ಬಿಚ್ಚೋದು, ನನ್ನ ಕೆಲ್ಸ ಕೂಡ್ಸೋದು. ಸುಮ್ನಿರು ಮಾವ."

ರಾಕೆಟ್ ಅಕ್ಕ ತಡೆಯಲಿಲ್ಲ. ಮಧ್ಯಾಹ್ನವಿಡೀ ಕಿಡಿ ಹಾರಿತು. ಅಣ್ಣ ಬೆವರು ಸುರಿಸಿಕೊಂಡು ಮಲಗಿ, ಮಗ್ಗುಲಾಗಿ, ಮೊಣಕೈ ಸುಟ್ಟುಕೊಂಡು ತಗಡು ಕೂರಿಸಿದ. ಹಳೆಯ ಪಟ್ಟಿಗಳನ್ನೇ ಮತ್ತೆ ಬಿಗಿದು, ಜಾಕಿ ತೆಗೆದು ವ್ಯಾನನ್ನು ನೆಲಕ್ಕೆ ಇಳಿಸಿದರು. ನೆಟ್ಟಗೆ ನಿಂತಿತು. ಚೂರೂ ವಾಲಲಿಲ್ಲ! ಅಣ್ಣ ಬೆಸುಗೆಯ ಮುಖವಾಡ ಕಳಚಿ ಕೈಲಿ ಹಿಡಿದು ಗೆದ್ದವನ ಹಾಗೆ ನಕ್ಕ.

"ನೋಡು. ಆನೆ ಹತ್ತಿದ್ರೂ ಏನೂ ಆಗಲ್ಲ."

"ನಂಬ್ಲಾ?"

"ನನ್ನ ನಂಬದೆ ಇನ್ಯಾರನ್ನ ನಂಬ್ತೀಯ?"

ಅವಳು ವ್ಯಾನಿನ ಎಡಪಕ್ಕದ ಬಾಗಿಲು ತೆಗೆದಳು. ಮರದ ಮೆಟ್ಟಿಲನ್ನು ಕೆಳಗೆ ಹಾಕಿದಳು, ದಿನಾ ಹಾಕುವ ಹಾಗೆ.

"ಅತ್ತಿಗೆ, ಬನ್ನಿ. ಎಡಗಡೆ ಕೂತ್ಕೊಳ್ಳಿ. ಆಸ್ಪತ್ರೆ ರಸ್ತೇಲಿ ಒಂದು ಸುತ್ತು ಹೋಗಿ ಬರೋಣ. ಇವತ್ತು ಮಾತ್ರ ನಾನು ಜೋರಾಗಿ ಓಡಿಸ್ತೀನಿ."

ಅತ್ತಿಗೆ ಗಂಡನ ಮುಖ ನೋಡಿದಳು, ನಾದಿನಿಯ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ಎತ್ತಿದಳು.

"ನೀನು ಬೇಡ, ಇಳಿ," ಅಂದ ಅಣ್ಣ.

ಅಣ್ಣ ಆ ಮಾತನ್ನು ಯೋಚಿಸಿ ಆಡಿದ್ದಲ್ಲ, ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ ಅದು ತಾನೇ ಬಂದುಬಿಟ್ಟಿತ್ತು. ಆಡಿದ ಮೇಲೆ ಅವನೇ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದ.

"ಯಾಕ್ರೀ ಇಳೀಬೇಕು?" ಅಂದಳು ಅತ್ತಿಗೆ. "ಆನೆ ಹತ್ತಿದ್ರೂ ಏನೂ ಆಗಲ್ಲ ಅಂದ್ರಲ್ಲ. ನಾನು ಆನೆಗಿಂತ ಭಾರನಾ?"

ಮುಖವಾಡ ಅಣ್ಣನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ.

"ಕತ್ತರಿಸಿಬಿಡು ಅಣ್ಣ," ಅಂದಳು ರಾಕೆಟ್ ಅಕ್ಕ. "ಹೀಗೇ ಬಿಟ್ರೆ ನಾಳೆ ಯಾರಾದ್ರೂ ಬಣ್ಣ ಹೊಡೆದು ಓಡಿಸ್ತಾರೆ. ನನ್ನ ಕಣ್ಣ ಮುಂದೇನೇ ಕತ್ತರಿಸು."

"ನಿನ್ನ ಹೊಟ್ಟೆಪಾಡು ಕಣೇ ಅದು."

"ನಂಗೊತ್ತು. ಕತ್ತರಿಸು."

ಜಾಕಿ ಮಾವನ ಗ್ಯಾಸ್ ಕಟರ್ ಬಂತು. ಎಲ್ಲರೂ ದೂರ ನಿಂತರು. ಅಣ್ಣ ಬಲಗಡೆಯಿಂದ ಶುರು ಮಾಡಿದ. ವ್ಯಾನಿನ ಕೆಳಗೆ ಹೋಗಬೇಡ ಅಂತ ಮಾವ ಕೂಗಿದ್ದರಿಂದ ಪಕ್ಕದ ತಗಡು ಸೀಳಿ, ಹೊರಗೇ ಕುಕ್ಕರಗಾಲಲ್ಲಿ ಕೂತು ಬಲ ತೊಲೆಗೆ ಬೆಂಕಿ ಹಿಡಿದ. ನೀಲಿ ಜ್ವಾಲೆ ಕಬ್ಬಿಣವನ್ನು ಕೆಂಪಗೆ ಮಾಡಿ ಕರಗಿಸುತ್ತಾ ಇಳಿಯಿತು. ಅರ್ಧ ದಾಟಿರಬೇಕು, ಅಷ್ಟೇ.

ಎಡಗಡೆಯಿಂದ ಫಟಾರ್ ಅಂತ ಸದ್ದಾಯಿತು. ಆ ಕಡೆಗೆ ಯಾರೂ ಕೈ ಹಚ್ಚಿರಲಿಲ್ಲ, ಬೆಂಕಿ ಮುಟ್ಟಿರಲಿಲ್ಲ. ಅವತ್ತೇ ಹೊಡೆದ ಹೊಸ ತಗಡಿನ ಪಕ್ಕಕ್ಕೇ ತೊಲೆ ಒಣ ಸೌದೆಯ ಹಾಗೆ ಮುರಿದು, ವ್ಯಾನ್ ನಡುಮಧ್ಯದಲ್ಲಿ ನೆಲಕ್ಕೆ ಕುಸಿದು ಕೂತಿತು. ಕಿಟಕಿಯ ಗಾಜು ಒಂದಾದ ಮೇಲೊಂದು ಸುರಿಯಿತು. ಅಣ್ಣ ಹಿಂದಕ್ಕೆ ಬಿದ್ದಿದ್ದ. ಅತ್ತಿಗೆ ಚೀರಿದವಳು, ಚೀರಿ ಮುಗಿದ ಮೇಲೂ ಬಾಯಿ ಮುಚ್ಚಿರಲಿಲ್ಲ. ಅವಳು ಒಂದು ಕಾಲಿಟ್ಟಿದ್ದ ಮೆಟ್ಟಿಲು ವ್ಯಾನಿನ ಅಡಿಗೆ ಸಿಕ್ಕಿ ಪುಡಿಯಾಗಿತ್ತು.

ಧೂಳು ಇಳಿದ ಮೇಲೆ ಅಣ್ಣ ಎದ್ದು, ಮುರಿದ ತುದಿಯನ್ನು ಬಗ್ಗಿ ನೋಡಿದ. ಅವನ ಬೆಸುಗೆ ಹಾಗೆಯೇ ಇತ್ತು, ಒಂದು ಹುರುಪೆಯೂ ಕಿತ್ತಿರಲಿಲ್ಲ.

"ಬಿಡ್ಲಿಲ್ಲ ನೋಡು," ಅಂದ, ಸಣ್ಣ ಹುಡುಗನ ಧ್ವನಿಯಲ್ಲಿ. ಆಮೇಲೆ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ.

ರಾಕೆಟ್ ಅಕ್ಕ ಅವನ ಪಕ್ಕ ಕೂತಳು. ಅವನ ಸುಟ್ಟ ಮೊಣಕೈಗೆ ಅಂಟಿದ್ದ ಗಾಜಿನ ಚೂರನ್ನು ತೆಗೆದಳು. ಬೈಯಬೇಕು ಅಂತ ರಾತ್ರಿಯಿಂದ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ತಲೆಯಲ್ಲಿ ಒಂದೇ ಒಂದು ಪ್ರಶ್ನೆ ಉಳಿದಿತ್ತು, ಅದು ಈಗ ತಾನೇ ಹುಟ್ಟಿದ್ದು. ಕೇಳಲು ಅವಳಿಗೆ ಭಯವಾಯಿತು. ಆದರೂ ಕೇಳಿದಳು.

"ಅಣ್ಣ. ಇಂಥದ್ದು ಇನ್ಯಾರಿಗಾದ್ರೂ ಮಾಡಿಕೊಟ್ಟಿದ್ದೀಯಾ?"

ಅಳು ನಿಂತಿತು. ಅತ್ತಿಗೆ ತಿರುಗಿ ನೋಡಿದಳು. ಜಾಕಿ ಮಾವ ಕಟರಿನ ಕೊಳವೆ ಸುತ್ತುತ್ತಿದ್ದವನು ಅಲ್ಲೇ ನಿಂತ.

"ಹೇಳು."

"ಒಂದು," ಅಂದ ಅಣ್ಣ. "ನಿನ್ನ ವ್ಯಾನ್ ನೋಡಿ 'ಸಕತ್ತಾಗಿದೆ, ನಂಗೂ ಒಂದು ಮಾಡ್ಕೊಡು' ಅಂದ ಬೇಕರಿಯವ್ನು."

"ಅವ್ನು ಅದ್ರಲ್ಲಿ ಏನ್ ಸಾಗಿಸ್ತಾನೆ? ಬ್ರೆಡ್ ತಾನೇ?"

"ಬೆಳಿಗ್ಗೆ ಬ್ರೆಡ್ಡು."

"ಆಮೇಲೆ?"

ಅಣ್ಣ ನೆಲ ನೋಡಿದ. "ಆಮೇಲೆ ಅವ್ನ ಮಕ್ಕಳು. ಅವ್ನ ಬೀದಿಯ ಬೇರೆ ಮನೆ ಮಕ್ಕಳೂ ಇರ್ತಾವೆ. ಶಾಲೆಗೆ."

ರಾಕೆಟ್ ಅಕ್ಕ ಆಗಲೇ ಎದ್ದಾಗಿತ್ತು. ಗಾಜಿನ ಚೂರುಗಳ ಮೇಲೆ ಕರಕರ ಸದ್ದು ಮಾಡುತ್ತಾ ಗೇಟಿನ ಕಡೆಗೆ ಓಡುತ್ತಿದ್ದಳು. "ಮಾವ, ನಿಮ್ಮ ಟೆಂಪೋ ಕೀ ಕೊಡಿ! ಅಣ್ಣ, ಏಳು, ದಾರಿ ತೋರ್ಸು!" ಟೆಂಪೋ ಗುಜರಿಯ ಗೇಟು ದಾಟಿ ಮುಖ್ಯರಸ್ತೆಗೆ ತಿರುಗಿದಾಗ ಎದುರು ಬಂದ ಸೈಕಲ್ಲಿನವರು ಹೌಹಾರಿ ಚರಂಡಿಗೆ ಇಳಿದರು. ಜನ್ಮದಲ್ಲಿ ಮೊದಲ ಸಲ ಅವಳು ಯಾವ ಹಂಪ್ ಬಳಿಯೂ ಬ್ರೇಕ್ ಒತ್ತಲಿಲ್ಲ.